ವೃತ್ತಿ ಅಪರಾಧವಲ್ಲ, ಜೊತೆಗಿರುವುದು ಅಪರಾಧ: ಲೈಂಗಿಕ ಕಾರ್ಮಿಕರ ಸುರಕ್ಷತೆ ಮತ್ತು ಕಾನೂನು

ಭಾರತದಲ್ಲಿ ಲೈಂಗಿಕ ವೃತ್ತಿ ಕಾನೂನುಬಾಹಿರವೇ? ಪರೀಕ್ಷೆಯ ಒಂದಂಕದ ಪ್ರಶ್ನೆಯಂತೆ ಕಾಣುವ ಇದಕ್ಕೆ ‘ಹೌದು’ ಎಂದರೆ ತಪ್ಪು, ‘ಅಲ್ಲ’ ಎಂದಷ್ಟೇ ಬರೆದರೆ ಅರ್ಧ ಉತ್ತರ. ವಯಸ್ಕ ಮಹಿಳೆ ತನ್ನಿಚ್ಛೆಯಿಂದ, ಒಬ್ಬಳೇ, ಖಾಸಗಿಯಾಗಿ ಮಾಡುವ ಈ ವೃತ್ತಿಯನ್ನು ಅಪರಾಧವೆನ್ನುವ ಕಲಂ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಇಲ್ಲ. ಅಪರಾಧಗಳೆಲ್ಲ ಅದರ ಸುತ್ತಲೂ ಬೇಲಿಯಂತೆ ನಿಂತಿವೆ. ವೇಶ್ಯಾಗೃಹ ನಡೆಸುವುದು ಕಲಂ 3, ಆಕೆಯ ಗಳಿಕೆಯಲ್ಲಿ ಬದುಕುವುದು ಕಲಂ 4, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆಯುವುದು ಕಲಂ 8. ದೇವಸ್ಥಾನ, ಶಾಲೆ, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೃತ್ತಿ ನಡೆಸಿದರೆ ಕಲಂ 7.

ಕಲಂಗಳ ಸಂಖ್ಯೆಗಿಂತ ಮುಖ್ಯವಾದದ್ದು ವ್ಯಾಖ್ಯೆಯಲ್ಲಿದೆ. ಮತ್ತೊಬ್ಬರ ಲಾಭಕ್ಕಾಗಿ ಲೈಂಗಿಕ ಶೋಷಣೆ ನಡೆಯುವ ಮನೆ ಅಥವಾ ಕೋಣೆ ವೇಶ್ಯಾಗೃಹವೆನ್ನಿಸುತ್ತದೆ, ಇಲ್ಲಿಯವರೆಗೆ ಸರಿ. ಆದರೆ ವೃತ್ತಿಯಲ್ಲಿರುವ ಇಬ್ಬರು ಅಥವಾ ಹೆಚ್ಚಿನವರು ‘ಪರಸ್ಪರ ಲಾಭಕ್ಕಾಗಿ’ ಬಳಸುವ ಜಾಗವನ್ನೂ ಕಾಯ್ದೆ ಅದೇ ಹೆಸರಿನಿಂದ ಕರೆಯುತ್ತದೆ. ಇದನ್ನು ಎರಡು ಬಾರಿ ಓದಿ. ಕುಡಿದು ಬಂದ ಗಿರಾಕಿ ಕೈಮಾಡಿದರೆ ಕೂಗು ಕೇಳಿಸಲಿ ಎಂದು ಇಬ್ಬರು ಗೆಳತಿಯರು ಒಂದೇ ಮನೆಯನ್ನು ಬಾಡಿಗೆಗೆ ಹಿಡಿದರೆ ಅದು ವೇಶ್ಯಾಗೃಹ. ಒಂಟಿಯಾಗಿದ್ದರೆ ಕಾನೂನಿನಿಂದ ಪಾರು, ಹಿಂಸೆಗೆ ಸುಲಭದ ತುತ್ತು. ತಾಯಿಯ ದುಡಿಮೆಯಲ್ಲಿ ಓದುತ್ತಿರುವ ಮಗನಿಗೆ 18 ತುಂಬಿದ ಮೇಲೆ ಕಲಂ 4 ಅವನ ಮೇಲೂ ತಿರುಗಬಹುದು. ನ್ಯೂಜಿಲೆಂಡ್‌ನ 2003ರ ಕಾನೂನು ಇದಕ್ಕೆ ತದ್ವಿರುದ್ಧ: ನಾಲ್ವರವರೆಗೆ ಸಮಾನರಾಗಿ ಕೂಡಿ ಕೆಲಸ ಮಾಡಲು ಅಲ್ಲಿ ಪ್ರಮಾಣಪತ್ರವೂ ಬೇಕಿಲ್ಲ.

ಹೋರಾಟಗಾರರು ‘ಅಪರಾಧಮುಕ್ತಗೊಳಿಸಿ’ ಎನ್ನುವುದನ್ನು ‘ಪರವಾನಗಿ ಕೊಡಿ’ ಎಂದು ಬರೆಯಬೇಡಿ. ಪರವಾನಗಿ ಎಂದರೆ ನೋಂದಣಿ, ಕಡ್ಡಾಯ ತಪಾಸಣೆ, ಪೊಲೀಸರ ಕೈಗೆ ಇನ್ನೊಂದು ಪಟ್ಟಿ. ಅವರು ಕೇಳುತ್ತಿರುವುದು ವಯಸ್ಕರ ಸಮ್ಮತಿಯ ದುಡಿಮೆಯಿಂದ ದಂಡಸಂಹಿತೆ ದೂರ ಸರಿಯಲಿ ಎಂದು. ಮಾನವ ಸಾಗಣೆ, ಮಕ್ಕಳ ಶೋಷಣೆ, ಬಲವಂತ ಅಪರಾಧಗಳಾಗಿಯೇ ಉಳಿಯಬೇಕೆಂಬುದರಲ್ಲಿ ಅವರಿಗೂ ಭಿನ್ನಮತವಿಲ್ಲ.

ಈ ಮಾತನ್ನು ಮೊದಲು ಆಡಿದವರು ವಕೀಲರಲ್ಲ, ವೃತ್ತಿಯಲ್ಲಿದ್ದ ಹೆಂಗಸರೇ. ಕೋಲ್ಕತ್ತದ ಲೈಂಗಿಕ ವೃತ್ತಿಯ ಬಡಾವಣೆಯಾದ ಸೋನಾಗಾಛಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಆರಂಭಿಸಿದ ಎಚ್‌ಐವಿ ತಡೆ ಕೆಲಸದಿಂದ 1995ರಲ್ಲಿ ಲೈಂಗಿಕ ಕಾರ್ಮಿಕರದೇ ಸಂಘಟನೆಯಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಹುಟ್ಟಿತು. ಮಹಾರಾಷ್ಟ್ರದ ಸಾಂಗ್ಲಿಯ ‘ವ್ಯಾಂಪ್’ (ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್) ಸಂಘಟನೆಯಲ್ಲಿ ದೇವದಾಸಿ ಹಿನ್ನೆಲೆಯ, ಕನ್ನಡ ಮನೆಮಾತಿನ ಗಡಿಭಾಗದ ಮಹಿಳೆಯರು ಅನೇಕರಿದ್ದಾರೆ. ಮೈಸೂರಿನಲ್ಲಿ ಇಂಥದ್ದೇ ‘ಆಶೋದಯ ಸಮಿತಿ’ ಇದೆ. ನಮ್ಮ ಸರ್ಕಾರಿ ಯೋಜನೆಗಳು ಇವರನ್ನು ‘ದಮನಿತ ಮಹಿಳೆಯರು’ ಎನ್ನುತ್ತವೆ. ಸಂಘಟನೆಗಳು ‘ಲೈಂಗಿಕ ಕಾರ್ಮಿಕರು’ ಎಂದೇ ಕರೆದುಕೊಳ್ಳುತ್ತವೆ. ಇಲ್ಲಿ ನಾನು ಎರಡನೆಯದನ್ನೇ ಬಳಸುತ್ತೇನೆ. ದುಡಿಮೆ ಎಂದು ಒಪ್ಪದೆ ಹಕ್ಕಿನ ಮಾತು ಆರಂಭವಾಗುವುದೇ ಇಲ್ಲ.

ಇನ್ನು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ. 1999ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಮಿಕಳೊಬ್ಬಳನ್ನು ಕೊಂದ ಕರ್ಮಾಸ್ಕರ್‌ನ ಮೇಲ್ಮನವಿಯನ್ನು 2011ರಲ್ಲಿ ವಜಾಗೊಳಿಸಿದ ಸುಪ್ರೀಂ ಕೋರ್ಟ್, ಕಡತ ಮುಚ್ಚದೆ ಅದನ್ನೇ ಸಾರ್ವಜನಿಕ ಹಿತಾಸಕ್ತಿ ಪ್ರಕರಣವಾಗಿಸಿತು. ಶಿಫಾರಸು ಮಾಡಲು ಅದು ನೇಮಿಸಿದ, ಹಿರಿಯ ವಕೀಲ ಪ್ರದೀಪ್ ಘೋಷ್ ನೇತೃತ್ವದ ಸಮಿತಿಯಲ್ಲಿ ದುರ್ಬಾರ್‌ಗೂ ಸ್ಥಾನ ಸಿಕ್ಕಿತು. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಗುರುತಿನ ಚೀಟಿ ಕೇಳದೆ ಪಡಿತರ ಕೊಡಬೇಕೆಂಬ ಆದೇಶ ಬಂದದ್ದೂ ಇದೇ ಪ್ರಕರಣದಲ್ಲಿ.

2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ಕೊಡಗಿನವರಾದ ಎ.ಎಸ್. ಬೋಪಣ್ಣ ನೀಡಿದ ಆದೇಶವನ್ನು ‘ಲೈಂಗಿಕ ವೃತ್ತಿ ಕಾನೂನುಬದ್ಧ’ ಎಂದು ಹಲವರು ಸಾರಿದರು. ತಪ್ಪು. ಸಮ್ಮತಿಯ ವಯಸ್ಕರ ವಿಷಯದಲ್ಲಿ ಪೊಲೀಸರು ತಲೆಹಾಕಬಾರದು, ದಾಳಿಯಲ್ಲಿ ಕಾರ್ಮಿಕರನ್ನು ಬಂಧಿಸಬಾರದು ಎಂಬ ಘೋಷ್ ಸಮಿತಿಯ ಶಿಫಾರಸುಗಳಿಗೆ ಕೇಂದ್ರ ಸರ್ಕಾರದ ಆಕ್ಷೇಪವಿತ್ತು. ಪಾಲಿಸಲೇಬೇಕೆಂದು ನ್ಯಾಯಾಲಯ ಹೇಳಿದ್ದು ಆಕ್ಷೇಪವಿಲ್ಲದವುಗಳನ್ನು ಮಾತ್ರ: ಲೈಂಗಿಕ ದೌರ್ಜನ್ಯಕ್ಕೊಳಗಾದ ಕಾರ್ಮಿಕರಿಗೆ ತಕ್ಷಣದ ಚಿಕಿತ್ಸೆ, ರಕ್ಷಣಾ ಗೃಹಗಳಲ್ಲಿ ಇಷ್ಟವಿಲ್ಲದೆ ಇರಿಸಲಾದ ವಯಸ್ಕರ ಸಮೀಕ್ಷೆ, ಪೊಲೀಸರಿಗೆ ತಿಳಿವಳಿಕೆ, ಮಾಧ್ಯಮಗಳು ಗುರುತು ಬಯಲು ಮಾಡದಿರುವುದು, ಕಾನೂನು ಪ್ರಾಧಿಕಾರಗಳಿಂದ ಹಕ್ಕುಗಳ ಅರಿವು.

ಆ ಪಟ್ಟಿಯಲ್ಲಿ ಇನ್ನೊಂದಿದೆ, ಪರೀಕ್ಷೆಯಲ್ಲಿ ಬರದಿದ್ದರೂ ನೆನಪಿಡಿ. ಆರೋಗ್ಯ ಇಲಾಖೆ ಹಂಚಿದ ಕಾಂಡೋಮ್‌ಗಳೇ ದಾಳಿಯಲ್ಲಿ ಸಾಕ್ಷ್ಯವಾಗಿ ಜಪ್ತಿಯಾಗುತ್ತಿದ್ದವು. ಹೆದರಿದವಳು ಅದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದನ್ನೇ ಬಿಡುತ್ತಾಳೆ. ಆರೋಗ್ಯ ರಕ್ಷಣೆಗಾಗಿ ಬಳಸುವ ಇಂಥ ವಸ್ತುವನ್ನು ಅಪರಾಧದ ಪುರಾವೆಯೆಂದು ಪರಿಗಣಿಸುವಂತಿಲ್ಲ ಎಂಬುದು ಈಗ ರಾಜ್ಯಗಳು ಪಾಲಿಸಬೇಕಾದ ಆದೇಶ.