ಎರಡು ದಶಕ ಎಸೆದ ತೋಳು

2024ರ ಆಗಸ್ಟ್ 11ರಂದು ಫ್ರಾನ್ಸಿನ ಲಿಲ್ ನಗರದಲ್ಲಿ ಡೆನ್ಮಾರ್ಕ್ ಪುರುಷರ ತಂಡ ಜರ್ಮನಿಯನ್ನು 39–26ರಿಂದ ಸೋಲಿಸಿ ಒಲಿಂಪಿಕ್ಸ್ ಹ್ಯಾಂಡ್‌ಬಾಲ್ ಚಿನ್ನ ಗೆದ್ದಿತು. ಮಿಕ್ಕೆಲ್ ಹ್ಯಾನ್ಸನ್ ವೃತ್ತಿಜೀವನದ ಕೊನೆಯ ಪಂದ್ಯ ಅದು. ಆಗ ಅವರಿಗೆ 36 ವರ್ಷ. ಅವರು ಆಡುತ್ತಿದ್ದದ್ದು ದಾಳಿಯ ಎಡಬದಿಯಲ್ಲಿ, ಲೆಫ್ಟ್ ಬ್ಯಾಕ್ ಆಗಿ; ಆ ಆಟಗಾರನ ಕೆಲಸ ದೂರದಿಂದ ಬಲವಾಗಿ ಎಸೆಯುವುದು. ಆ ಕೆಲಸ ಮಾಡುವ ಭುಜ ಅಷ್ಟು ವರ್ಷ ಉಳಿಯುವುದು ಸುಲಭದ ಮಾತಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಪುರುಷರ ಹ್ಯಾಂಡ್‌ಬಾಲ್‌ನ ತೂಕ 425ರಿಂದ 475 ಗ್ರಾಂ, ಸುತ್ತಳತೆ 58ರಿಂದ 60 ಸೆಂ.ಮೀ. ಒಳ್ಳೆಯ ಎಸೆತಗಾರನ ಕೈಯಿಂದ ಅದು ಗಂಟೆಗೆ 108 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 30 ಮೀಟರ್‌ನಂತೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಚೆಂಡಿನಲ್ಲಿರುವ ಶಕ್ತಿ ಸುಮಾರು 200 ಜೂಲ್. ಗಂಟೆಗೆ 144 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನಲ್ಲಿರುವುದು ಸುಮಾರು 130 ಜೂಲ್. ಕ್ರಿಕೆಟ್ ಬೌಲರ್‌ಗೆ ಉದ್ದನೆಯ ಓಟವಿದೆ. ಹ್ಯಾಂಡ್‌ಬಾಲ್‌ನಲ್ಲಿ ಚೆಂಡು ಹಿಡಿದು ಇಡಬಹುದಾದದ್ದು ಮೂರೇ ಹೆಜ್ಜೆ, ಅದೂ ಎದುರಾಳಿ ತೋಳು, ಸೊಂಟ ಹಿಡಿದು ತಡೆಯುತ್ತಿರುವಾಗ.

ಈ ಶಕ್ತಿ ಕೈಯಲ್ಲಿ ಹುಟ್ಟುವುದಿಲ್ಲ. ಮೊದಲು ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಆಮೇಲೆ ಭುಜ, ಮೊಣಕೈ, ಕೊನೆಗೆ ಬೆರಳು. ಮುಂದಿನದು ಒಂದು ಕ್ಷಣ ಹಿಂದೆ ಉಳಿದು ಹಿಂದಿನದರ ವೇಗವನ್ನು ಪಡೆದುಕೊಳ್ಳಬೇಕು. ದಣಿದಾಗ ಮೊದಲು ಕೆಡುವುದು ಈ ಸರದಿಯೇ. ಕಾಲು, ಸೊಂಟ ಕೊಡಬೇಕಾದ ಪಾಲನ್ನು ಕೊಡದಿದ್ದರೆ ಕೊರತೆ ತುಂಬುವ ಭಾರ ಭುಜದ ಮೇಲೆ ಬೀಳುತ್ತದೆ.

ಭುಜದ ಕೀಲಿನ ರಚನೆಯನ್ನು ನಿಂಬೆಹಣ್ಣು–ಚಮಚದ ಓಟಕ್ಕೆ ಹೋಲಿಸಬಹುದು. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಹಾಗಾಗಿಯೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಹಾಗಾಗಿಯೇ ಜಾರುವ ಭಯವೂ ಇದೆ. ಗುಂಡನ್ನು ಗುಳಿಯ ನಡುವೆ ಹಿಡಿದಿಡುವ ಮುಖ್ಯ ಕೆಲಸ ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳದು. ಚೆಂಡು ಕೈಬಿಟ್ಟ ಮೇಲೂ ತೋಳಿನ ವೇಗ ಉಳಿದಿರುತ್ತದೆ. ಅದಕ್ಕೆ ಬ್ರೇಕ್ ಹಾಕುವುದರಲ್ಲಿ ದೊಡ್ಡ ಪಾಲು ಇವುಗಳಲ್ಲಿ ಹಿಂಬದಿಯವಕ್ಕೆ. ಎಸೆಯುವ ಎದೆಯ ಸ್ನಾಯುಗಳು ದಪ್ಪ, ವರ್ಷ ಕಳೆದಂತೆ ಇನ್ನೂ ಬಲಿಯುತ್ತವೆ. ಬ್ರೇಕ್ ಹಾಕುವವು ತೆಳು, ಬೇರೆಯಾಗಿ ಪಳಗಿಸದಿದ್ದರೆ ಹಿಂದೆ ಬೀಳುತ್ತವೆ. ಎಸೆತಗಾರರ ಭುಜನೋವಿನ ಮೂಲ ಬಹಳ ಸಲ ಈ ಅಸಮತೋಲನದಲ್ಲಿದೆ.

ಇದಕ್ಕೆ ಮದ್ದು ಸರಳವಾಗಿದೆ. ನಾರ್ವೆಯ 45 ತಂಡಗಳ 660 ಆಟಗಾರರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧ ತಂಡಗಳಿಗೆ ವಾರಕ್ಕೆ ಮೂರು ಸಲ, ಹತ್ತು ನಿಮಿಷದ ವ್ಯಾಯಾಮ ಕೊಟ್ಟರು. ರಬ್ಬರ್ ಪಟ್ಟಿ ಎಳೆದು ತೋಳನ್ನು ಹೊರಕ್ಕೆ ತಿರುಗಿಸುವುದು, ಬೆನ್ನಿನ ರೆಕ್ಕೆಮೂಳೆಯ ಸ್ನಾಯುಗಳನ್ನು ಬಲಪಡಿಸುವುದು, ಬೆನ್ನಿನ ಮೇಲ್ಭಾಗ ಸಡಿಲಿಸುವುದು, ಭುಜದ ಹಿಂಬದಿಯ ಬಿಗಿತ ಕಳೆಯುವುದು, ಕಾಲಿನಿಂದ ಕೈವರೆಗಿನ ಸರಪಳಿಯನ್ನು ಒಟ್ಟಿಗೆ ದುಡಿಸುವುದು. ಆ ತಂಡಗಳಲ್ಲಿ ಭುಜದ ತೊಂದರೆ ಎದುರಾಗುವ ಸಂಭವ 28 ಶೇಕಡಾ ಕಡಿಮೆಯಾಯಿತು. ಅಭ್ಯಾಸದ ಬಿಸಿಯೇರಿಸುವ ಹೊತ್ತಿನಲ್ಲೇ ಇದು ಮುಗಿಯುತ್ತದೆ. ಇಷ್ಟಾಗಿಯೂ ಇದನ್ನು ಬಿಟ್ಟುಬಿಡುವ ತರಬೇತುದಾರರನ್ನು ಒಪ್ಪಿಕೊಳ್ಳುವುದು ಕಷ್ಟ.

ಇನ್ನೊಂದು ಅಪಾಯ ಹೊರೆ ಹಠಾತ್ತನೆ ಏರುವುದು. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನ ಡೆನ್ಮಾರ್ಕಿನದೇ. 679 ಕಿರಿಯ ಆಟಗಾರರನ್ನು 31 ವಾರ ಗಮನಿಸಿದಾಗ, ವಾರದ ಆಟದ ಹೊರೆ 60 ಶೇಕಡಾಕ್ಕಿಂತ ಹೆಚ್ಚು ಏರಿದವರಲ್ಲಿ ಭುಜದ ಗಾಯದ ಪ್ರಮಾಣ ಹೊರೆ ಹೆಚ್ಚೇನೂ ಏರದವರಿಗಿಂತ ಸುಮಾರು ಎರಡು ಪಟ್ಟಿತ್ತು. ವಾರಕ್ಕೆ ಐದು ಗಂಟೆ ಆಡುವ ಹುಡುಗಿಯನ್ನು ಶಿಬಿರಕ್ಕೆಂದು ಎಂಟೂವರೆ ಗಂಟೆಗೆ ಏರಿಸಿದರೆ ಆ ಗೆರೆ ದಾಟಿದಂತೆ. ಎಂಟೂವರೆ ಗಂಟೆ ತನ್ನಷ್ಟಕ್ಕೆ ಹೆಚ್ಚಲ್ಲ, ಒಂದೇ ವಾರದಲ್ಲಿ ಅಲ್ಲಿಗೆ ಹಾರಿದ್ದು ತಪ್ಪು.

ದೊಡ್ಡವರ ಪಂಚಾಂಗವಂತೂ ಇಂಥ ಹಾರುವಿಕೆಯಿಂದಲೇ ತುಂಬಿದೆ. ಡೆನ್ಮಾರ್ಕಿನ ಹಲವು ಉತ್ತಮ ಆಟಗಾರರು ದುಡಿಯಲು ಹೋಗುವ ಜರ್ಮನಿಯ ಲೀಗಿನಲ್ಲಿ 18 ತಂಡ, ಒಬ್ಬೊಬ್ಬರಿಗೆ 34 ಪಂದ್ಯ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಆಡಿದವರಿಗೆ 2024–25ರಲ್ಲಿ ಗುಂಪು ಹಂತದಲ್ಲೇ ಮತ್ತೆ 14. ನಡುವೆ ಜನವರಿಯಲ್ಲಿ, ಸಮಸಂಖ್ಯೆಯ ವರ್ಷ ಯುರೋಪಿಯನ್ ಚಾಂಪಿಯನ್‌ಷಿಪ್, ಬೆಸಸಂಖ್ಯೆಯ ವರ್ಷ ವಿಶ್ವ ಚಾಂಪಿಯನ್‌ಷಿಪ್. ಫೈನಲ್ ತಲುಪಿದರೆ ಎರಡೂವರೆ ವಾರದಲ್ಲಿ ಒಂಬತ್ತು–ಹತ್ತು ಪಂದ್ಯ. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹ್ಯಾನ್ಸನ್ 72 ಗೋಲು ಹೊಡೆದದ್ದು ಹತ್ತು ಪಂದ್ಯಗಳಲ್ಲಿ.

ಎಸೆತ ಬಲವಾಗಿದ್ದರೆ ಸಾಕೇ? ಒಂಬತ್ತು ಮೀಟರ್ ದೂರದಿಂದ ಬಂದ ಆ ಚೆಂಡು ಗೋಲು ತಲುಪಲು 0.3 ಸೆಕೆಂಡ್. ಕಂಡದ್ದಕ್ಕೆ ಕೈಕಾಲು ಅಲ್ಲಾಡಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಉಳಿದ ಹೊತ್ತಿನಲ್ಲಿ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲಿನ ಮೂಲೆ ಮುಟ್ಟಲಾಗದು. ಹಾಗಾಗಿ ನಿಕ್ಲಾಸ್ ಲಾಂಡಿನ್‌ರಂಥ ಗೋಲ್‌ಕೀಪರ್ ಚೆಂಡಿನ ಮೇಲಷ್ಟೇ ಕಣ್ಣಿಡುವುದಿಲ್ಲ. ಎಸೆಯುವವನ ಸೊಂಟ, ಭುಜ, ಮೊಣಕೈ ಓದಿ ಮೊದಲೇ ಹೊರಡುತ್ತಾರೆ. ಅವರನ್ನು ಮೋಸಗೊಳಿಸಲು ಎಸೆತಗಾರ ದೇಹದಿಂದ ಒಂದು ಮೂಲೆ ತೋರಿಸಿ ಕೊನೆಯ ಕ್ಷಣದಲ್ಲಿ ಮಣಿಕಟ್ಟು ತಿರುಗಿಸುತ್ತಾನೆ. ಇದಕ್ಕೆ ಬೆರಳಿಗೆ ಹಚ್ಚುವ ಪೈನ್ ಮರದ ರಾಳ ನೆರವಾಗುತ್ತದೆ. ಚೆಂಡು ಜಾರದೆ ಬೆರಳ ತುದಿಯಲ್ಲೇ ನಿಲ್ಲುತ್ತದೆ, ತಿರುಗಿಸಿ ಬಿಟ್ಟರೆ ನೆಲಕ್ಕೆ ತಾಗಿ ಆಫ್‌ಸ್ಪಿನ್‌ನಂತೆ ಪಕ್ಕಕ್ಕೆ ಹೊರಳುತ್ತದೆ.

ಹ್ಯಾನ್ಸನ್ ಬಲದಷ್ಟೇ ಈ ಓದನ್ನೂ ನಂಬಿದರು. 2008ರಲ್ಲಿ ಬಾರ್ಸಿಲೋನಾ, 2010ರಲ್ಲಿ ಕೋಪನ್‌ಹೇಗನ್, ಆ ಕ್ಲಬ್ 2012ರಲ್ಲಿ ದಿವಾಳಿಯಾದಾಗ ಪ್ಯಾರಿಸ್, ಅಲ್ಲಿ ಹತ್ತು ವರ್ಷ. 2011, 2015, 2018ರಲ್ಲಿ ವಿಶ್ವದ ಶ್ರೇಷ್ಠ ಆಟಗಾರ. ಅವರನ್ನು ಹೆಚ್ಚು ಕಾಲ ಅಂಗಳದಿಂದ ದೂರವಿಟ್ಟ ಕಾಯಿಲೆಗಳಲ್ಲಿ ಒಂದು, 2022ರಲ್ಲಿ ಕಾಣಿಸಿಕೊಂಡ ರಕ್ತ ಹೆಪ್ಪುಗಟ್ಟುವಿಕೆ. ಇದಕ್ಕೆ ರಕ್ತ ತೆಳುವಾಗಿಸುವ ಔಷಧಿ ತಿಂಗಳುಗಟ್ಟಲೆ ಕೊಡುತ್ತಾರೆ, ಆ ಅವಧಿಯಲ್ಲಿ ಸಣ್ಣ ಏಟಿಗೂ ಒಳಗೆ ರಕ್ತಸ್ರಾವವಾಗಬಹುದು. ಎದೆಗೆ ಎದೆ ಡಿಕ್ಕಿಯಾಗುವ ಆಟವನ್ನು ಆಗ ಆಡುವಂತಿಲ್ಲ. 2023ರಲ್ಲಿ ಮಾನಸಿಕ ಒತ್ತಡದಿಂದಾಗಿ, ಪ್ಯಾರಿಸ್ ಬಿಟ್ಟು ಸೇರಿದ್ದ ಡೆನ್ಮಾರ್ಕಿನ ಆಲ್ಬೋರ್ ಕ್ಲಬ್ಬಿನಿಂದ ರಜೆ ಪಡೆದರು, ಮತ್ತೆ ಮರಳಿ ಬಂದರು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಹೊಡೆದ 61 ಗೋಲು ದಾಖಲೆಯಾಗಿತ್ತು. ಪ್ಯಾರಿಸ್‌ನಲ್ಲಿ ಅದನ್ನು 62ಕ್ಕೆ ಏರಿಸಿದವರು ಅವರದೇ ತಂಡದ ಮ್ಯಾಥಿಯಸ್ ಗಿಡ್ಸೆಲ್. ದೂರದ ಎಸೆತಕ್ಕಿಂತ ಗಿಡ್ಸೆಲ್ ನೆಚ್ಚಿಕೊಂಡಿರುವುದು ಕಾಲನ್ನು: ಇಬ್ಬರು ರಕ್ಷಕರ ನಡುವಿನ ಸಂದಿಯಲ್ಲಿ ನುಸುಳಿ, ಗೋಲಿನ ಮುಂದಿನ ಆರು ಮೀಟರ್ ಗೆರೆಯ ಬಳಿಯಿಂದ ಹೊಡೆಯುತ್ತಾರೆ. ಅಷ್ಟು ಹತ್ತಿರದಿಂದ ಗೋಲಿಗೆ ತೋಳಿನ ಪೂರ್ತಿ ವೇಗ ಬೇಕಾಗುವುದಿಲ್ಲ. ಅವರ ಭುಜ ಕೊಂಚ ಸುಖವಾಗಿದೆ; ಪ್ರತಿ ದಾಳಿಯಲ್ಲೂ ದಿಕ್ಕು ಬದಲಿಸಿ ಥಟ್ಟನೆ ನಿಲ್ಲುವ ಹೊರೆ ಈಗ ಮೊಣಕಾಲಿನದು.