ಹೊಸ ಕರ್ನಲ್ ಬಂದಿದೆ, ಸ್ವಲ್ಪ ತಡೆಯಿರಿ

ಮದುವೆಯ ಹಂಗಾಮು ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಫೋಟೊ ಸ್ಟುಡಿಯೊಗಳ ಡಿಸ್ಕುಗಳು ತುಂಬಿ ತುಳುಕುತ್ತಿರುತ್ತವೆ. ಹಲವರು ಈಗ ನಾಲ್ಕು ಡಿಸ್ಕಿನ ಒಂದು ಪೆಟ್ಟಿಗೆಗೆ ಲಿನಕ್ಸ್ ಹಾಕಿ, ಅದರಲ್ಲಿ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಳಸುತ್ತಾರೆ. ಆಯ್ಕೆ ಒಳ್ಳೆಯದೇ. ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡುವ ಮೊತ್ತ, ಇರುವುದರಿಂದ ಡಿಸ್ಕ್ ಸದ್ದಿಲ್ಲದೆ ಹಾಳುಮಾಡಿದ ಚಿತ್ರ ಪತ್ತೆಯಾಗುತ್ತದೆ, ಇನ್ನೊಂದು ಪ್ರತಿ ಇದ್ದರೆ ತಾನೇ ದುರಸ್ತಿಯೂ ಆಗುತ್ತದೆ. ಆದರೆ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಡಿಸ್ಕ್ ಕೆಟ್ಟದ್ದಕ್ಕೆ ಬರುವುದಿಲ್ಲ. ‘ಸರ್, ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿದೆ, ಡೇಟಾ ಎಲ್ಲ ಹೋಗಿದೆ’ ಎಂಬುದೇ ಮಾತು.

ಡೇಟಾ ಎಲ್ಲಿಗೂ ಹೋಗಿರುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಗಿದೆ, ಝಡ್‌ಎಫ್‌ಎಸ್ ಅನ್ನು ಅದಕ್ಕೆ ಜೋಡಿಸುವ ತುಣುಕು, ಅಂದರೆ ಮಾಡ್ಯೂಲ್, ತಯಾರಾಗಿಲ್ಲ, ಅಷ್ಟೇ. ಹಳೆಯ ಕರ್ನಲ್‌ನಿಂದ ಬೂಟ್ ಮಾಡಿದರೆ ಪೂಲ್ (ಡಿಸ್ಕುಗಳನ್ನು ಸೇರಿಸಿ ಮಾಡಿದ ಸಂಗ್ರಹ) ಮತ್ತೆ ಕಾಣಿಸುತ್ತದೆ.

ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಯಾದ ಎಕ್ಸ್ಟ್4ಗೆ (ext4) ಇಂಥ ತೊಂದರೆಯಿಲ್ಲ, ಏಕೆಂದರೆ ಅದು ಕರ್ನಲ್‌ನೊಳಗೇ ಇದೆ. ಝಡ್‌ಎಫ್‌ಎಸ್ ಹುಟ್ಟಿದ್ದು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ, ಅವರ ಸೋಲಾರಿಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ. 2005ರಲ್ಲಿ ಅದರ ಮೂಲಸಂಕೇತ ಸಿಡಿಡಿಎಲ್ ಎಂಬ ಮುಕ್ತ ಪರವಾನಗಿಯಡಿ ಹೊರಬಂತು. ಲಿನಕ್ಸ್ ಕರ್ನಲ್‌ನದು ಜಿಪಿಎಲ್ ಎಂಬ ಬೇರೆ ಪರವಾನಗಿ. ಇವೆರಡನ್ನು ಒಟ್ಟು ಸೇರಿಸಿ ಹಂಚಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ, ಹಾಗಾಗಿ ಝಡ್‌ಎಫ್‌ಎಸ್ ಕರ್ನಲ್‌ನ ಹೊರಗೇ ಉಳಿದಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಇದನ್ನು ಲಿನಕ್ಸಿಗೆ ತಂದರು. ಸ್ಥಿರವೆಂದು ಹೇಳಿಕೊಂಡ ಮೊದಲ ಬಿಡುಗಡೆ 2013ರದು. ಅಂದಿನಿಂದಲೂ ಅದು ಕರ್ನಲ್‌ನ ಮನೆಯಲ್ಲಿ ಬಾಡಿಗೆದಾರ. ಮಾಲೀಕ ಬೀಗ ಬದಲಿಸುವ ಮೊದಲು ಕೇಳಬೇಕೆಂಬ ಕರಾರು ಇಲ್ಲ.

ಬೀಗ ಬದಲಾದದ್ದೂ ಉಂಟು. 2019ರ ಲಿನಕ್ಸ್ 5.0ರಲ್ಲಿ, ಹಲವು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಪ್ರೊಸೆಸರಿನ ವೆಕ್ಟರ್ ಸೂಚನೆಗಳನ್ನು ಕರ್ನಲ್‌ನೊಳಗೆ ಬಳಸಲು ಬೇಕಾದ ಫಂಕ್ಷನ್‌ಗಳು ಜಿಪಿಎಲ್ ಅಲ್ಲದ ಮಾಡ್ಯೂಲ್‌ಗಳಿಗೆ ಸಿಗದಂತಾದವು. ಚೆಕ್‌ಸಮ್, ಗೂಢಲಿಪೀಕರಣ ಎರಡೂ ನಿಧಾನವಾದವು. ಝಡ್‌ಎಫ್‌ಎಸ್ ತಂಡದವರು ಪ್ರೊಸೆಸರಿನ ರಿಜಿಸ್ಟರ್‌ಗಳನ್ನು ಉಳಿಸಿಡುವ ಕೆಲಸವನ್ನು ತಾವೇ ಬರೆದುಕೊಳ್ಳಬೇಕಾಯಿತು.

ಕರ್ನಲ್‌ಗೆ ಉಳಿದ ತಂತ್ರಾಂಶ ಸೇರಿಸಿ ಕೊಡುವ ಲಿನಕ್ಸ್ ವಿತರಣೆಗಳು ಇದನ್ನು ನಿಭಾಯಿಸುವ ರೀತಿ ಬೇರೆ ಬೇರೆ. ಉಬುಂಟು 16.04ರಿಂದ ಸಿದ್ಧ ಮಾಡ್ಯೂಲನ್ನು ಕರ್ನಲ್ ಜೊತೆಗೇ ಕೊಡುತ್ತದೆ. ಫೆಡೋರಾ ತನ್ನ ತಂತ್ರಾಂಶ ಭಂಡಾರದಲ್ಲಿ ಇಟ್ಟೇ ಇಲ್ಲ. ಡೆಬಿಯನ್ ಮೂಲಸಂಕೇತವನ್ನು ಮುಖ್ಯ ಭಂಡಾರದ ಹೊರಗಿನ ಕಾಂಟ್ರಿಬ್ ವಿಭಾಗದಲ್ಲಿ ಇಟ್ಟಿದೆ. ಡಿಕೆಎಂಎಸ್ ಎಂಬ ಸಾಧನ ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಪರವಾನಗಿಯ ದೃಷ್ಟಿಯಿಂದ ಇದು ಜಾಣತನ. ಆದರೆ ಕಂಪೈಲ್ ಮಾಡಲು ಬೇಕಾದ ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಮಾಡ್ಯೂಲ್ ತಯಾರಾಗುವುದಿಲ್ಲ, ಆ ಸಂದೇಶ ನೂರಾರು ಸಾಲುಗಳ ನಡುವೆ ಸರಿದುಹೋಗುತ್ತದೆ. ಸ್ಟುಡಿಯೊದ ಹುಡುಗ ಅದನ್ನು ಓದಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಅದಕ್ಕೇ ನಾನು ಗ್ರಾಹಕರಿಗಾಗಿ ಒಂದು ಸಣ್ಣ ಭಂಡಾರವನ್ನು ನಡೆಸುತ್ತೇನೆ. ಹೊಸ ಕರ್ನಲ್ ನೇರವಾಗಿ ಅವರಿಗೆ ತಲುಪುವುದಿಲ್ಲ. ಝಡ್‌ಎಫ್‌ಎಸ್ ಮೂಲದ ಮೆಟಾ ಕಡತದಲ್ಲಿ ಆ ಆವೃತ್ತಿ ಯಾವ ಕರ್ನಲ್‌ವರೆಗೆ ಪರೀಕ್ಷಿತ ಎಂಬುದು ಬರೆದಿರುತ್ತದೆ; ಮೊದಲು ನೋಡುವುದು ಅದನ್ನೇ. ಆಮೇಲೆ ಪರೀಕ್ಷಾ ಯಂತ್ರದಲ್ಲಿ ಕಂಪೈಲ್ ಮಾಡಿ, ಬೂಟ್ ಆಗುವಾಗ ಮೊದಲು ತೆರೆಯುವ ಪುಟ್ಟ ಕಡತ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್‌ಗೆ ಮಾಡ್ಯೂಲ್ ಸೇರಿದೆಯೇ ಎಂದು ನೋಡಿ, ಎರಡನ್ನೂ ಒಟ್ಟಿಗೇ ಬಿಡುತ್ತೇನೆ. ಮಾಡ್ಯೂಲ್ ಪ್ಯಾಕೇಜು ಅದೇ ಕರ್ನಲ್ ಆವೃತ್ತಿಗೆ ಕಟ್ಟಿಕೊಂಡಿರುತ್ತದೆ. ಒಂದು ಬರದೆ ಇನ್ನೊಂದು ಬರಬಾರದು. ಹಿಂದಿನ ಕರ್ನಲನ್ನು ಎಂದೂ ಅಳಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಹಳೆಯದಕ್ಕೆ ಮರಳುವ ಬಾಗಿಲನ್ನು ಬಳಕೆದಾರರೇ ಮುಚ್ಚಿಬಿಡುತ್ತಾರೆ. ಪೂಲ್‌ನ ಸ್ಥಿತಿ ಕೇಳಿದಾಗ ‘ಕೆಲವು ಹೊಸ ಸೌಲಭ್ಯಗಳು ಸಕ್ರಿಯವಾಗಿಲ್ಲ’ ಎಂಬ ಸೂಚನೆ ಬರುತ್ತದೆ. ಅದನ್ನು ದೋಷವೆಂದು ತಿಳಿದು ‘ಝಡ್‌ಪೂಲ್ ಅಪ್‌ಗ್ರೇಡ್’ ಓಡಿಸುತ್ತಾರೆ. ಹೊಸ ಸೌಲಭ್ಯ ಒಮ್ಮೆ ಬಳಕೆಗೆ ಬಂತೆಂದರೆ ಹಳೆಯ ಮಾಡ್ಯೂಲ್ ಆ ಪೂಲನ್ನು ತೆರೆಯದಿರಬಹುದು, ಓದಲು ಮಾತ್ರ ಬಿಡಬಹುದು. ಬೂಟ್ ಪೂಲ್ ಆದರೆ ಯಂತ್ರವನ್ನು ಬೂಟ್ ಮಾಡಿಸುವ ಗ್ರಬ್ ಕೂಡ ಕೈಚೆಲ್ಲುತ್ತದೆ. ಝಡ್‌ಎಫ್‌ಎಸ್ 2.1ರಿಂದ, ಪೂಲ್ ಯಾವ ಸೌಲಭ್ಯಗಳನ್ನು ಬಳಸಬಹುದೆಂದು ಮಿತಿ ಹಾಕುವ ‘ಕಂಪ್ಯಾಟಿಬಿಲಿಟಿ’ ಎಂಬ ಗುಣ ಬಂದಿದೆ. ಪೂಲ್ ಸೃಷ್ಟಿಸುವಾಗಲೇ ಅದನ್ನು ನಿಗದಿಪಡಿಸಿಬಿಡುತ್ತೇನೆ.

ಆವೃತ್ತಿ ಸಂಖ್ಯೆಯನ್ನೇ ನಂಬಬೇಡಿ ಎಂಬುದನ್ನು 2023ರ ನವೆಂಬರ್ ತೋರಿಸಿಕೊಟ್ಟಿತು. ಆಗಷ್ಟೇ ಬಂದಿದ್ದ ಝಡ್‌ಎಫ್‌ಎಸ್ 2.2.0ರಲ್ಲಿ ನಕಲು ಮಾಡಿದ ಕಡತಗಳ ಕೆಲವು ಭಾಗ ಸೊನ್ನೆಗಳಾಗುತ್ತಿದ್ದವು. ಹೊಸದಾಗಿ ಸೇರಿಸಿದ್ದ, ಡೇಟಾವನ್ನು ಮತ್ತೆ ಬರೆಯದೆ ನಕಲು ಮಾಡುವ ಬ್ಲಾಕ್ ಕ್ಲೋನಿಂಗ್ ಮೇಲೆ ಸಂಶಯ ಬಂದು 2.2.1ರಲ್ಲಿ ಅದನ್ನು ನಿಲ್ಲಿಸಿದರು. ಬೇರು ಇನ್ನೂ ಹಳೆಯದೊಂದು ದೋಷದಲ್ಲಿತ್ತು, 2.2.2 ಮತ್ತು 2.1.14ರಲ್ಲಿ ಸರಿಯಾಯಿತು. ಆದರೆ ಸ್ಥಿರ ವಿತರಣೆಗಳು ಹಳೆಯ ಆವೃತ್ತಿಗೇ ಪ್ಯಾಚ್ ಹಚ್ಚುವುದುಂಟು, ಮುಖ್ಯ ಸಂಖ್ಯೆ ಹಾಗೇ ಉಳಿಯುತ್ತದೆ. ಹಾಗಾಗಿ ಪ್ಯಾಕೇಜಿನ ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್ ಓದದೆ ನಾನು ಏನನ್ನೂ ಹೇಳುವುದಿಲ್ಲ.

ಕರ್ನಲ್ ತಡೆದರೆ ಭದ್ರತಾ ತಿದ್ದುಪಡಿಗಳೂ ತಡವಾಗುತ್ತವೆ ಎಂಬ ಆಕ್ಷೇಪ ಸರಿಯಾದದ್ದೇ. ಒಳಜಾಲದಲ್ಲೇ ಇರುವ ಸ್ಟುಡಿಯೊ ಯಂತ್ರವಾದರೆ ವಾರ ಕಾಯಿಸಲು ನನಗೆ ಅಳುಕಿಲ್ಲ. ಇಂಟರ್ನೆಟ್‌ಗೆ ತೆರೆದುಕೊಂಡ ಕಾಲೇಜಿನ ಸರ್ವರಿಗೆ ಹಾಗೆ ಮಾಡುವುದಿಲ್ಲ. ಅಲ್ಲಿ ದೀರ್ಘಾವಧಿ ಬೆಂಬಲದ ಕರ್ನಲ್ ಸರಣಿಯನ್ನೇ ಹಿಡಿದು, ತಿದ್ದುಪಡಿ ಬಂದ ದಿನವೇ ಪರೀಕ್ಷಿಸಿ ಬಿಡುತ್ತೇನೆ.