ಬಾರ್ಬೋಸಾ ಮೇಲಿನ ಆರೋಪ ಶುರುವಾದದ್ದು ಎಲ್ಲಿಂದ?

ಬ್ರೆಜಿಲ್ ವಿಶ್ವಕಪ್‌ನಲ್ಲಿ ಎಡವಿದಾಗಲೆಲ್ಲ 1950ರ ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸಾ ಹೆಸರು ಬಂದೇ ಬರುತ್ತದೆ. ಆ ವಿಶ್ವಕಪ್ ಅವರಿಂದಲೇ ಸೋತದ್ದು ಅಂತ ಕೆಲವರು, ಸುಮ್ನೆ ಬಲಿ ಕೊಟ್ಟರು ಅಂತ ಕೆಲವರು. ಹಾಗಾಗಿ ಮೊದಲಿಂದ ನೋಡೋಣ.

1921ರಲ್ಲಿ ಕಾಂಪಿನಾಸ್‌ನಲ್ಲಿ ಹುಟ್ಟಿದವರು, ರಿಯೋದ ವಾಸ್ಕೊ ಡ ಗಾಮ ಕ್ಲಬ್ ಸೇರಿ 1948ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಟೂರ್ನಿ ಗೆದ್ದರು, ಮರುವರ್ಷ ದೇಶದ ತಂಡದಲ್ಲೂ ಖಂಡದ ಪ್ರಶಸ್ತಿ ಗೆದ್ದರು. ಗ್ಲೌಸ್ ಹಾಕುತ್ತಿರಲಿಲ್ಲ, ಬರಿಗೈಯಲ್ಲೇ ಚೆಂಡು ಹಿಡಿಯುತ್ತಿದ್ದರು.

1950ರ ಜುಲೈ 16, ರಿಯೋದ ಮರಕಾನಾ ಮೈದಾನ, ವಿಶ್ವಕಪ್‌ನ ನಿರ್ಣಾಯಕ ಪಂದ್ಯ. ಅಂಕಗಳ ಲೆಕ್ಕದಲ್ಲಿ ಉರುಗ್ವೆ ಎದುರು ಡ್ರಾ ಮಾಡಿಕೊಂಡರೂ ಕಪ್ ಬ್ರೆಜಿಲ್‌ದೇ. ಪಂದ್ಯಕ್ಕೆ ಮೊದಲೇ ಪತ್ರಿಕೆಗಳು ತಂಡವನ್ನು ಚಾಂಪಿಯನ್ ಮಾಡಿಬಿಟ್ಟಿದ್ದವು. ವಿರಾಮ ಮುಗಿದ ಕೂಡಲೇ ಬ್ರೆಜಿಲ್‌ನ ಫ್ರಿಯಾಸಾ ಗೋಲೂ ಹೊಡೆದ. 66ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಬದಿಯಿಂದ ನುಗ್ಗಿ ಮಧ್ಯಕ್ಕೆ ಪಾಸ್ ಕೊಟ್ಟ, ಸ್ಕಿಯಾಫಿನೊ ಗೋಲ್ ಮಾಡಿದ. 79ನೇ ನಿಮಿಷದಲ್ಲಿ ಗಿಗ್ಗಿಯಾ ಮತ್ತೆ ಅದೇ ದಾರಿಯಲ್ಲಿ ಬಂದ. ಈ ಸಲವೂ ಪಾಸ್ ಬರುತ್ತದೆ ಅಂತ ಬಾರ್ಬೋಸಾ ಕಂಬ ಬಿಟ್ಟು ಸ್ವಲ್ಪ ಆಚೆ ಸರಿದರು. ಆತ ಪಾಸ್ ಕೊಡಲಿಲ್ಲ, ಕಂಬಕ್ಕೂ ಕೀಪರ್‌ಗೂ ಮಧ್ಯೆ ಉಳಿದ ಸಂದಿಗೇ ಹೊಡೆದ. ಗೋಲ್ ಆಯ್ತು, ಬ್ರೆಜಿಲ್ ಸೋತಿತು. ಕೈ ತಾಗಿ ಕಾರ್ನರ್‌ಗೆ ಹೋಯ್ತು ಅಂದುಕೊಂಡಿದ್ದೆ, ಆಮೇಲೆ ಮೈದಾನವೇ ಸ್ತಬ್ಧವಾಗಿದ್ದು ಕೇಳಿಸಿತು ಅಂತ ಬಾರ್ಬೋಸಾ ಮುಂದೆ ಹೇಳಿದ್ದರು.

ಆ ಬದಿಯಲ್ಲಿ ಎರಡು ಸಲ ಒಂದೇ ದಾಳಿ ನಡೆದಿದೆ, ತಡೆಯೋಕೆ ಯಾರಿಂದಲೂ ಆಗಲಿಲ್ಲ. ಪ್ರಶ್ನೆ ಕೇಳಿದ್ದು ಮಾತ್ರ ಕೊನೆಯಲ್ಲಿ ನಿಂತವರನ್ನು. ಕೋಪ ಜಾಸ್ತಿ ಬಿದ್ದದ್ದು ಬಾರ್ಬೋಸಾ, ರಕ್ಷಣೆಯಲ್ಲಿದ್ದ ಬಿಗೋಡಿ, ಜುವೆನಾಲ್ ಮೇಲೆ, ಮೂವರೂ ಕಪ್ಪು ವರ್ಣದವರು. ಇದು ಬರೀ ಕಾಕತಾಳೀಯ ಅಂತ ನನಗಂತೂ ಅನಿಸುವುದಿಲ್ಲ.

ಆಮೇಲೆ ಬಾರ್ಬೋಸಾ ದೇಶಕ್ಕೆ ಆಡಿದ್ದು ಒಂದೇ ಪಂದ್ಯ, 1953ರಲ್ಲಿ. ಅದೇ ವರ್ಷ ಕಾಲು ಮುರಿಯಿತು. ಆದರೂ ಕ್ಲಬ್ ಮಟ್ಟದಲ್ಲಿ 1962ರವರೆಗೆ ಆಡಿದರು, ನಂತರ ಮರಕಾನಾದಲ್ಲೇ ಕೆಲಸಕ್ಕೆ ಸೇರಿದರು. ಒಮ್ಮೆ ಅಂಗಡಿಯಲ್ಲಿ ಒಬ್ಬ ಹೆಂಗಸು ಅವರನ್ನು ತೋರಿಸಿ, ‘ಇಡೀ ಬ್ರೆಜಿಲನ್ನು ಅಳಿಸಿದ್ದು ಇವನೇ ನೋಡು’ ಅಂತ ಮಗನಿಗೆ ಹೇಳಿದ್ದನ್ನು ಅವರು ಕೊನೆವರೆಗೂ ಮರೆಯಲಿಲ್ಲ. 90ರ ದಶಕದಲ್ಲಿ ರಾಷ್ಟ್ರೀಯ ತಂಡದ ಶಿಬಿರಕ್ಕೆ ಹೋದಾಗ ಒಳಗೇ ಬಿಡಲಿಲ್ಲ. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಅಂದರೆ 30 ವರ್ಷ ಜೈಲು, ನಾನು ಮಾಡದ ತಪ್ಪಿಗೆ 50 ವರ್ಷ ಶಿಕ್ಷೆ ಅನುಭವಿಸಿದೆ ಅನ್ನುತ್ತಿದ್ದರು. 2000ದ ಏಪ್ರಿಲ್‌ನಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ವಾಸ್ಕೊ ಕ್ಲಬ್ ಈಗ ತನ್ನ ತರಬೇತಿ ಕೇಂದ್ರಕ್ಕೆ ಬಾರ್ಬೋಸಾ ಹೆಸರಿಟ್ಟಿದೆ. ಅವರು ಬದುಕಿದ್ದಾಗಲೇ ಇಡಬಹುದಿತ್ತು, ಅಲ್ವಾ?